ಮಂಡಿಯ ಸವೆತಕ್ಕೆ ಅಳತೆಗೋಲು: ಕಾಂತೀಯ ಅನುರಣನ ಬಿಂಬನದ ಒಂದು ಇತಿಹಾಸ

ದೇವಸಮುದ್ರದಲ್ಲಿರುವ ನನ್ನ ಸೋದರತ್ತೆಗೆ ಎರಡೂ ಮಂಡಿಗಳಲ್ಲಿ ನೋವು. ಶೇಂಗಾ ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಳೆ ಕೀಳುತ್ತಾ ನಲವತ್ತು ವರ್ಷ ಕಳೆದವರು ಅವರು. ಬಳ್ಳಾರಿಯಲ್ಲಿ ತೆಗೆಸಿದ ಎಕ್ಸ್ ಕಿರಣ ಚಿತ್ರಗಳನ್ನು ನಾನು ರಜೆಗೆ ಹೋದಾಗ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಲ ಮಂಡಿಯಲ್ಲಿ ತೊಡೆಮೂಳೆಗೂ ಕೆಳಗಿನ ಮೂಳೆಗೂ ನಡುವಿನ ತೆರಪು ಒಳಬದಿಯಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಎಡ ಮಂಡಿಯ ತೆರಪು ಸಾಕಷ್ಟು ಚೆನ್ನಾಗಿಯೇ ಇತ್ತು. ಆದರೆ ರಾತ್ರಿ ಎದ್ದು ಕೂತು ಅವರು ಎಣ್ಣೆ ತಿಕ್ಕಿಕೊಳ್ಳುವುದು ಎಡ ಮಂಡಿಗೆ!

"ಯಾವ ಮಂಡಿ ನೋಯ್ತೈತೆ ಅಂತ ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ. ಇದುಕ್ಕೆ ಫಿಲಂ ಯಾಕಪ್ಪಾ?" ಎಂದರು ಅತ್ತೆ. ಮರುಗಳಿಗೆಗೆ ಅವರೇ, "ಎಮ್ಮಾರೈ ಮಾಡ್ಸಿದ್ರೆ ಎಷ್ಟು ಸವ್ದೈತೆ ಅಂತ ಸರಿಯಾಗಿ ಗೊತ್ತಾಗ್ತೈತಂತೆ, ಹೌದಾ?" ಎಂದು ಕೇಳಿದರು.

ನಮ್ಮ ತಾಲ್ಲೂಕಿನ ಹೆಸರಿನಲ್ಲೇ ಮೊಳಕಾಲು ಇದೆ. ಮೊಳಕಾಲ್ಮುರು ಎಂದರೆ ಮೊಳಕಾಲು ಮುರಿಯುವ ಊರು ಎಂದು ಮಂಡಿನೋವಿನ ಹೆಂಗಸರು ತಮಾಷೆ ಮಾಡುವುದುಂಟು. (ಅದು ವ್ಯುತ್ಪತ್ತಿಯೆಂದು ನಾನು ಹೇಳುತ್ತಿಲ್ಲ.) ಅತ್ತೆಯ ಎರಡು ಪ್ರಶ್ನೆಗಳು ಮಾತ್ರ ತಮಾಷೆಯವಲ್ಲ. ಸಂಧಿವಾತದ ಹೊಸ ಔಷಧವೊಂದು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವವರು ಕಳೆದ ಮೂವತ್ತು ವರ್ಷಗಳಿಂದ ಕೇಳಿಕೊಳ್ಳುತ್ತಿರುವುದು ಇದನ್ನೇ. ಸವೆತವನ್ನು ಸರಿಯಾಗಿ ಅಳೆಯುವುದು ಹೇಗೆ? ಅಳೆದದ್ದು ನೋವಿನ ಅಳತೆಯೂ ಆಗುತ್ತದೆಯೇ? ಈ ಅಳತೆಗೋಲಿನ ಇತಿಹಾಸದಲ್ಲಿ ಬೆಂಗಳೂರಿಗೂ ಒಂದು ಪಾತ್ರವಿರುವುದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಾಣದ್ದನ್ನು ಊಹಿಸುವ ಚಿತ್ರ

ಕೀಲಿನಲ್ಲಿ ಮೂಳೆಯ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿಯ ದಪ್ಪ ಮಂಡಿಯಲ್ಲಿ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್. ಅದರ ತೂಕದ ಮುಕ್ಕಾಲು ಪಾಲು ನೀರು. ಅದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಎಕ್ಸ್ ಕಿರಣಗಳಿಗೆ ಅದು ಹೆಚ್ಚುಕಡಿಮೆ ಪಾರದರ್ಶಕ. ಹಾಗಾಗಿ ಎಕ್ಸ್ ಕಿರಣ ಚಿತ್ರದಲ್ಲಿ ನಾವು ನೋಡುವುದು ಮೃದ್ವಸ್ಥಿಯನ್ನಲ್ಲ, ಎರಡು ಮೂಳೆಗಳ ನಡುವಿನ ಖಾಲಿ ಜಾಗವನ್ನು. ಜಾಗ ಕಿರಿದಾಗಿದ್ದರೆ ಮೃದ್ವಸ್ಥಿ ಸವೆದಿದೆ ಎಂದು ಊಹಿಸುತ್ತೇವೆ. ನಡುವೆ ಇರುವ ಮೆನಿಸ್ಕಸ್ ಎಂಬ ಮೆತ್ತೆ ಹೊರಕ್ಕೆ ಸರಿದಿದ್ದರೂ ಜಾಗ ಕಿರಿದಾಗಿಯೇ ಕಾಣುತ್ತದೆ; ರೋಗಿ ನಿಂತ ಭಂಗಿ ತುಸು ಬದಲಾದರೂ ಅಷ್ಟೆ.

ಈ ಊಹೆಯನ್ನು ಅಂಕಿಗೆ ಇಳಿಸಿದವರು ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್. 1957ರಲ್ಲಿ ಅವರು ಪ್ರಕಟಿಸಿದ 0ಯಿಂದ 4ರವರೆಗಿನ ದರ್ಜೆಗಳು ಇಂದಿಗೂ ಬಳಕೆಯಲ್ಲಿವೆ. ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತಕ್ಕೆ, ಕೈಯ ಎಕ್ಸ್ ಕಿರಣ ಚಿತ್ರದಲ್ಲಿ ಮೂಳೆಯ ಕೊರೆತಗಳನ್ನು ಎಣಿಸುವ ವಿಧಾನವನ್ನು ಅಮೆರಿಕದ ಶಾರ್ಪ್ 1971ರಲ್ಲಿ ಸೂಚಿಸಿದರು. ಇವೆಲ್ಲವೂ ಉಪಯುಕ್ತವೇ. ಆದರೆ ಮೂಳೆ ಕೊರೆದುಹೋದ ಮೇಲೆ ಎಣಿಸುವುದೆಂದರೆ, ಮನೆ ಸುಟ್ಟ ಮೇಲೆ ತೊಲೆಗಳನ್ನು ಲೆಕ್ಕ ಹಾಕಿದಂತೆ. ಉರಿ ಹತ್ತಿದ್ದು ಎಲ್ಲಿ, ಈಗ ಆರುತ್ತಿದೆಯೇ ಎಂಬುದು ಅದರಿಂದ ತಿಳಿಯದು.

1951: ಬೆಂಗಳೂರಿನ ಒಂದು ಕೊಳವೆ

ಎಂಆರ್‌ಐಯ ಬೇರು ನ್ಯೂಕ್ಲೀಯ ಕಾಂತೀಯ ಅನುರಣನ, ಅಂದರೆ ಎನ್‌ಎಂಆರ್. ಹೈಡ್ರೊಜನ್ನಿನ ನ್ಯೂಕ್ಲಿಯಸ್ ಆದ ಪ್ರೋಟಾನ್ ಒಂದು ಪುಟ್ಟ ಕಾಂತ. ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಅದು ಬುಗುರಿಯಂತೆ ಓಲಾಡುತ್ತದೆ. ಓಲಾಟದ ಆವೃತ್ತಿ ಪ್ರತಿ ಟೆಸ್ಲಾ ಕ್ಷೇತ್ರಕ್ಕೆ 42.58 ಮೆಗಾಹರ್ಟ್ಸ್. ಅದೇ ಆವೃತ್ತಿಯ ರೇಡಿಯೋ ತರಂಗ ತಾಗಿಸಿದರೆ ಅದು ಶಕ್ತಿಯನ್ನು ಹೀರಿಕೊಳ್ಳುತ್ತದೆ, ಮತ್ತೆ ಹೊರಸೂಸುತ್ತದೆ. 1945ರ ಡಿಸೆಂಬರಿನಲ್ಲಿ ಹಾರ್ವರ್ಡ್‌ನ ಪರ್ಸೆಲ್, ಟೊರೆ ಮತ್ತು ಪೌಂಡ್ ಇದನ್ನು ಮೇಣದಲ್ಲಿ ಕಂಡರು. ಕೆಲವೇ ವಾರಗಳಲ್ಲಿ ಸ್ಟ್ಯಾನ್‌ಫರ್ಡ್‌ನ ಬ್ಲಾಕ್, ಹ್ಯಾನ್ಸೆನ್ ಮತ್ತು ಪ್ಯಾಕರ್ಡ್ ನೀರಿನಲ್ಲಿ ಕಂಡರು. ಪರ್ಸೆಲ್ ಮತ್ತು ಬ್ಲಾಕ್‌ಗೆ 1952ರ ನೊಬೆಲ್ ಬಹುಮಾನ ಬಂತು.

ಈ ಸಂಕೇತ ಎಷ್ಟು ಕ್ಷೀಣ ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. 1.5 ಟೆಸ್ಲಾ ಎಂದರೆ ನಮ್ಮ ಭಾಗದಲ್ಲಿರುವ ಭೂಕಾಂತಕ್ಷೇತ್ರದ ಸುಮಾರು 37,000 ಪಟ್ಟು. ಅಷ್ಟು ಬಲವಾದ ಕ್ಷೇತ್ರದಲ್ಲಿಯೂ ದೇಹದ ಉಷ್ಣತೆಯಲ್ಲಿ ಕ್ಷೇತ್ರದ ದಿಕ್ಕಿಗಿರುವ ಪ್ರೋಟಾನ್‌ಗಳು ವಿರುದ್ಧ ದಿಕ್ಕಿನವುಗಳಿಗಿಂತ ಹೆಚ್ಚಿರುವುದು 10 ಲಕ್ಷಕ್ಕೆ ಸುಮಾರು 5 ಮಾತ್ರ. ಉಳಿದವು ಪರಸ್ಪರ ವಜಾ. ಈ ಐದರಿಂದಲೇ ಎಲ್ಲ ಚಿತ್ರ. ದೇಹದಲ್ಲಿ ನೀರು ಇಷ್ಟೊಂದು ಇಲ್ಲದಿದ್ದರೆ ಎಂಆರ್‌ಐ ಸಾಧ್ಯವೇ ಇರಲಿಲ್ಲ.

ಇಲ್ಲಿ ಒಂದು ತೊಡಕಿದೆ. ರೇಡಿಯೋ ತರಂಗವನ್ನು ಬಿಡದೆ ಹಾಯಿಸುತ್ತಿದ್ದರೆ ಆ ಅಲ್ಪ ಹೆಚ್ಚುವರಿಯೂ ಅಳಿದು, ಎರಡೂ ದಿಕ್ಕಿನ ಸಂಖ್ಯೆ ಸಮನಾಗಿ, ಸಂಕೇತ ಅಡಗುತ್ತದೆ. ಇದು ಪರ್ಯಾಪ್ತ ಸ್ಥಿತಿ. ಮೊದಲಿನ ಹೆಚ್ಚುವರಿ ಮತ್ತೆ ಕೂಡಿಕೊಳ್ಳಲು ಶುದ್ಧ ನೀರಿಗೆ ಎರಡು ಮೂರು ಸೆಕೆಂಡು ಬೇಕು. ಈ ಅವಧಿಯ ಅಳತೆಯೇ ಟಿ-1 ಎಂಬ ವಿಶ್ರಾಂತಿ ಕಾಲ.

ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿದ್ದ ಜಿ. ಸೂರ್ಯನ್ ಅವರು ಪರ್ಯಾಪ್ತವಾದ ನೀರನ್ನು ಕಾಯುತ್ತ ಕೂರುವ ಬದಲು ಅದನ್ನು ಹರಿಯಬಿಟ್ಟರು. ಕಾಂತದ ಧ್ರುವಗಳ ನಡುವೆ ಸುರುಳಿಯೊಳಗೆ ಒಂದು ಕೊಳವೆ. ಅದರಲ್ಲಿ ಹರಿಯುವ ನೀರು. ದಣಿದ ಪ್ರೋಟಾನ್‌ಗಳು ಸುರುಳಿಯಿಂದ ಆಚೆ ಸಾಗುತ್ತವೆ, ಕಾಂತಕ್ಷೇತ್ರದಲ್ಲಿ ಆಗಲೇ ಸಜ್ಜಾಗಿರುವ ಹೊಸವು ಒಳಬರುತ್ತವೆ. ಹರಿವು ಹೆಚ್ಚಿದಂತೆ ಸಂಕೇತವೂ ಹೆಚ್ಚುತ್ತದೆ. 'ಹರಿಯುವ ದ್ರವಗಳಲ್ಲಿ ನ್ಯೂಕ್ಲೀಯ ಅನುರಣನ' ಎಂಬ ಅರ್ಥದ ಶೀರ್ಷಿಕೆಯ ಅವರ ಕೆಲವೇ ಪುಟಗಳ ಪ್ರಬಂಧ 1951ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ನಡವಳಿಗಳಲ್ಲಿ ಅಚ್ಚಾಯಿತು. ರಕ್ತನಾಳಗಳನ್ನು ಎಂಆರ್‌ಐಯಲ್ಲಿ ಕಾಣಿಸುವ ಇಂದಿನ ವಿಧಾನಗಳ ಇತಿಹಾಸ ಬರೆಯುವವರು ಈ ಪ್ರಬಂಧದಿಂದಲೇ ಶುರು ಮಾಡುತ್ತಾರೆ. ಇದೇ ತತ್ತ್ವದಿಂದ ಸಿಂಗರ್ ಇಲಿಯ ಬಾಲದಲ್ಲಿ ರಕ್ತದ ಹರಿವನ್ನು ಅಳೆದದ್ದು ಎಂಟು ವರ್ಷಗಳ ನಂತರ, 1959ರಲ್ಲಿ. ಅದೇ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಈಗ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಅಲ್ಲಿಗೆ ತರಬೇತಿಗೆಂದು ಹೋಗಿಬಂದ ಶಿಕ್ಷಕರು ಈ ಪತ್ರಿಕೆಯ ಓದುಗರಲ್ಲೂ ಇರಬೇಕು. ಸೂರ್ಯನ್ ಹೆಸರನ್ನು ತರಗತಿಯಲ್ಲಿ ಒಮ್ಮೆಯಾದರೂ ಹೇಳಿದರೆ ಒಳ್ಳೆಯದು.

ಅದೇ 1951ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಇನ್ನೊಂದು ಪ್ರಬಂಧ ಬಂತು. ಎಥನಾಲಿನ ಎನ್‌ಎಂಆರ್ ಸಂಕೇತ ಒಂದೇ ಅಲ್ಲ, ಮೂರಾಗಿ ಒಡೆಯುತ್ತದೆ, ಅವುಗಳ ವಿಸ್ತೀರ್ಣ 3:2:1ರ ಪ್ರಮಾಣದಲ್ಲಿರುತ್ತದೆ ಎಂದು ತೋರಿಸಿದ ಆ ಪ್ರಬಂಧ ರಸಾಯನಶಾಸ್ತ್ರದ ಚಹರೆಯನ್ನೇ ಬದಲಿಸಿತು. ಲೇಖಕರು ಆರ್ನಾಲ್ಡ್, ಧರ್ಮಟ್ಟಿ ಮತ್ತು ಪ್ಯಾಕರ್ಡ್. ಎಸ್. ಎಸ್. ಧರ್ಮಟ್ಟಿ ಅವರು ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಎನ್‌ಎಂಆರ್ ತಂಡವನ್ನು ಕಟ್ಟಿದರು.

ಸಂಕೇತ ಚಿತ್ರವಾದದ್ದು

ಇಷ್ಟಾದರೂ ಅದು ಸಂಕೇತವಷ್ಟೆ, ಚಿತ್ರವಲ್ಲ. ಕೊಳವೆಯಲ್ಲಿರುವ ನೀರೆಲ್ಲ ಒಟ್ಟಾಗಿ ಒಂದೇ ದನಿಯಲ್ಲಿ ಮಾತಾಡುತ್ತದೆ. ಯಾವ ಹನಿ ಎಲ್ಲಿದೆ ಎಂದು ತಿಳಿಯದು. 1973ರಲ್ಲಿ ಪಾಲ್ ಲಾಟರ್ಬರ್ ಇದಕ್ಕೆ ಸರಳ ಉಪಾಯ ಹೇಳಿದರು. ಕಾಂತಕ್ಷೇತ್ರವನ್ನು ಬೇಕೆಂದೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಏರುವಂತೆ ಮಾಡಿ. ಆಗ ಆವೃತ್ತಿಯೇ ವಿಳಾಸವಾಗುತ್ತದೆ. ಕ್ಷೇತ್ರ ಮೀಟರಿಗೆ 10 ಮಿಲಿಟೆಸ್ಲಾ ಏರುತ್ತಿದ್ದರೆ ಒಂದು ಮಿಲಿಮೀಟರ್ ಆಚೆಗಿರುವ ಪ್ರೋಟಾನ್‌ನ ಆವೃತ್ತಿ ಸುಮಾರು 426 ಹರ್ಟ್ಸ್ ಬದಲಾಗುತ್ತದೆ. ಇದನ್ನು ಗುರುತಿಸುವುದು ಕಷ್ಟವೇನಲ್ಲ. ಲಾಟರ್ಬರ್ ಎರಡು ಸಣ್ಣ ನೀರಿನ ಕೊಳವೆಗಳ ಚಿತ್ರ ತೆಗೆದು ತೋರಿಸಿದರು. 'ನೇಚರ್' ಪತ್ರಿಕೆ ಅವರ ಪ್ರಬಂಧವನ್ನು ಮೊದಲು ತಿರಸ್ಕರಿಸಿತ್ತು ಎಂಬುದು ಪ್ರಸಿದ್ಧ ಸಂಗತಿ.

ಲಾಟರ್ಬರ್ ಹಲವು ದಿಕ್ಕುಗಳಿಂದ ನೆರಳು ತೆಗೆದು ಚಿತ್ರವನ್ನು ಪುನಾರಚಿಸಿದ್ದರು. ಇಂದಿನ ಯಂತ್ರಗಳು ಅನುಸರಿಸುವ ಫೂರ್ಯೇ ವಿಧಾನ 1975ರಲ್ಲಿ ಜ್ಯೂರಿಕ್‌ನಿಂದ ಬಂತು. ಅದರ ಲೇಖಕರು ಅನಿಲ್ ಕುಮಾರ್, ವೆಲ್ಟಿ ಮತ್ತು ಅರ್ನ್‌ಸ್ಟ್. ಮೊದಲನೆಯ ಲೇಖಕರಾದ ಅನಿಲ್ ಕುಮಾರ್ ಮುಂದೆ ದಶಕಗಳ ಕಾಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು, ಸಂಶೋಧನೆ ನಡೆಸಿದರು. ಅರ್ನ್‌ಸ್ಟ್‌ಗೆ 1991ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ಗೆ 2003ರಲ್ಲಿ ವೈದ್ಯಶಾಸ್ತ್ರದ್ದು. ಆ ವರ್ಷ ತನ್ನನ್ನು ಬಿಟ್ಟರೆಂದು ಡಮೇಡಿಯನ್ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಹಾಕಿಸಿದ ಕಥೆ ಬೇರೆ.

ಕೀಲುಗಳ ಮಟ್ಟಿಗೆ ಈ ಯಂತ್ರದ ಉಪಕಾರ ದೊಡ್ಡದು. ಮೃದ್ವಸ್ಥಿ, ಮೆನಿಸ್ಕಸ್, ಅಸ್ಥಿರಜ್ಜು, ಕೀಲಿನ ಒಳಪೊರೆ, ಮೂಳೆಯ ಮಜ್ಜೆ ಎಲ್ಲವೂ ನೇರವಾಗಿ ಕಾಣುತ್ತವೆ. ಪ್ರತಿಯೊಂದರಲ್ಲೂ ನೀರು ಬೇರೆಬೇರೆ ರೀತಿ ಸಿಕ್ಕಿಕೊಂಡಿರುವುದರಿಂದ ವಿಶ್ರಾಂತಿ ಕಾಲಗಳೂ ಬೇರೆ. ಉರಿಯೂತದಿಂದ ದಪ್ಪವಾದ ಒಳಪೊರೆಗೆ ರಕ್ತ ಹೆಚ್ಚಾಗಿ ಹರಿಯುತ್ತದೆ, ಅದರ ನಾಳಗಳು ಸೋರುತ್ತವೆ. ಗ್ಯಾಡೊಲಿನಿಯಮ್ ಸಂಯುಕ್ತವನ್ನು ರಕ್ತಕ್ಕೆ ಸೇರಿಸಿದರೆ ಅದು ಅಲ್ಲಿ ಬೇಗ ಸೋರಿ, ಸುತ್ತಲಿನ ನೀರಿನ ಟಿ-1ನ್ನು ಕುಗ್ಗಿಸಿ, ಆ ಜಾಗವನ್ನು ಬೆಳಗಿಸುತ್ತದೆ. ಪರ್ಯಾಪ್ತ ಸ್ಥಿತಿಯಿಂದ ಬೇಗ ಚೇತರಿಸಿಕೊಂಡ ಪ್ರೋಟಾನ್ ಹೆಚ್ಚು ಸಂಕೇತ ಕೊಡುತ್ತದೆ. ಸೂರ್ಯನ್ ಅವರ ಕೊಳವೆಯಲ್ಲಿ ಆ ಕೆಲಸವನ್ನು ಹರಿವು ಮಾಡಿತು, ಇಲ್ಲಿ ಗ್ಯಾಡೊಲಿನಿಯಮ್ ಮಾಡುತ್ತದೆ. (ಮೂತ್ರಪಿಂಡ ತೀರಾ ದುರ್ಬಲವಾಗಿರುವವರಲ್ಲಿ ಕೆಲವು ಗ್ಯಾಡೊಲಿನಿಯಮ್ ಸಂಯುಕ್ತಗಳು ಚರ್ಮ ಬಿಗಿಯುವ ಗಂಭೀರ ರೋಗಕ್ಕೆ ಕಾರಣವಾಗುತ್ತವೆಂದು 2006ರಿಂದ ತಿಳಿದುಬಂದು, ಬಳಕೆಯಲ್ಲಿ ಎಚ್ಚರ ಹೆಚ್ಚಿದೆ.)

ಚಿತ್ರಕ್ಕೆ ಅಂಕ ಕೊಡುವುದು

ಚಿತ್ರ ಚೆನ್ನಾಗಿದ್ದರೆ ಸಾಲದು, ಔಷಧ ಪ್ರಯೋಗಕ್ಕೆ ಅಂಕಿ ಬೇಕು. ಇಲ್ಲಿಂದ ಮುಂದಿನದು ಯಂತ್ರದ ಇತಿಹಾಸವಲ್ಲ, ಒಪ್ಪಂದದ ಇತಿಹಾಸ.

ಉತ್ತರಪತ್ರಿಕೆಗಳ ಮೌಲ್ಯಮಾಪನ ಮಾಡಿದ ಶಿಕ್ಷಕರಿಗೆ ಈ ಸಮಸ್ಯೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಉತ್ತರಕ್ಕೆ ಒಬ್ಬರು ಮೂರು ಅಂಕ, ಇನ್ನೊಬ್ಬರು ಒಂದೂವರೆ. ಅದೇ ಮೌಲ್ಯಮಾಪಕರೇ ಊಟವಾದ ಮೇಲೆ ಎರಡು. ಇದಕ್ಕೇ ಮಾದರಿ ಉತ್ತರ, ಅಂಕ ವಿಭಜನೆ, ಮರುಮೌಲ್ಯಮಾಪನ ಎಲ್ಲ ಬಂದದ್ದು. 1992ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಸೇರಿದ ಸಂಧಿವಾತ ತಜ್ಞರು ಔಷಧ ಪ್ರಯೋಗಗಳಲ್ಲಿ ಏನನ್ನು ಅಳೆಯಬೇಕು, ಹೇಗೆ ಅಳೆಯಬೇಕು ಎಂಬ ಒಪ್ಪಂದಕ್ಕಾಗಿ 'ಒಮೆರಾಕ್ಟ್' ಎಂಬ ಒಕ್ಕೂಟವನ್ನು ಆರಂಭಿಸಿದರು. ಕೋಪನ್‌ಹೇಗನ್‌ನ ಓಸ್ಟರ್‌ಗಾರ್ಡ್, ಲೀಡ್ಸ್‌ನ ಕೊನಗನ್, ಆಕ್ಲೆಂಡ್‌ನ ಮ್ಯಾಕ್ವೀನ್ ಮೊದಲಾದವರ ಎಂಆರ್‌ಐ ಗುಂಪು 2003ರ ಹೊತ್ತಿಗೆ 'ರಾಮ್ರಿಸ್' ಎಂಬ ಅಂಕಪದ್ಧತಿಯನ್ನು ಪ್ರಕಟಿಸಿತು.

ಅದರ ಕ್ರಮ ಹೀಗೆ. ಮಣಿಕಟ್ಟು ಮತ್ತು ತೋರುಬೆರಳಿನಿಂದ ಕಿರುಬೆರಳಿನವರೆಗಿನ ಬುಡದ ಕೀಲುಗಳನ್ನು ನೋಡಬೇಕು. ಒಳಪೊರೆಯ ಉರಿಯೂತಕ್ಕೆ ಏಳು ಜಾಗಗಳಲ್ಲಿ 0–3, ಒಟ್ಟು 21. ಮೂಳೆಯ ಕೊರೆತಕ್ಕೆ 23 ಜಾಗಗಳಲ್ಲಿ, ಪ್ರತಿ ಶೇಕಡ 10 ಗಾತ್ರ ನಷ್ಟಕ್ಕೆ ಒಂದು ಅಂಕದಂತೆ 0–10, ಒಟ್ಟು 230. ಮೂಳೆಮಜ್ಜೆಯ ಬಾವಿಗೆ ಅದೇ 23 ಜಾಗಗಳಲ್ಲಿ 0–3, ಒಟ್ಟು 69. ಓದುವವರಿಗೆ ರೋಗಿ ಯಾರು, ಕೊಟ್ಟದ್ದು ಔಷಧವೋ ಹುಸಿ ಮದ್ದೋ ಎಂಬುದು ತಿಳಿದಿರಬಾರದು. ಅನೇಕ ಪ್ರಯೋಗಗಳಲ್ಲಿ ಯಾವ ಚಿತ್ರ ಮೊದಲಿನದು, ಯಾವುದು ಆಮೇಲಿನದು ಎಂಬುದನ್ನೂ ಮರೆಮಾಡುತ್ತಾರೆ. 2005ರಲ್ಲಿ ಹೋಲಿಸಿ ನೋಡಲು ಚಿತ್ರಸಂಪುಟವೂ ಬಂತು. ಇದೇ ಅವರ ಮಾದರಿ ಉತ್ತರಪತ್ರಿಕೆ.

ಮಜ್ಜೆಯ ಬಾವು ಎಕ್ಸ್ ಕಿರಣಕ್ಕೆ ಕಾಣುವುದೇ ಇಲ್ಲ. ಕಾಣುವ ಕೊರೆತದಲ್ಲೂ ಎರಡಕ್ಕೂ ವ್ಯತ್ಯಾಸ ದೊಡ್ಡದು. ರುಮಟಾಯ್ಡ್ ಶುರುವಾಗಿ ಸುಮಾರು ನಾಲ್ಕೇ ತಿಂಗಳಾಗಿದ್ದ 42 ರೋಗಿಗಳ ಮಣಿಕಟ್ಟನ್ನು ಮ್ಯಾಕ್ವೀನ್ ತಂಡ ಪರೀಕ್ಷಿಸಿ 1998ರಲ್ಲಿ ವರದಿ ಮಾಡಿತು: ಎಂಆರ್‌ಐಯಲ್ಲಿ ಶೇಕಡ 45 ಮಂದಿಗೆ ಕೊರೆತ ಕಂಡಿತು, ಎಕ್ಸ್ ಕಿರಣದಲ್ಲಿ ಶೇಕಡ 15 ಮಂದಿಗೆ. ಬಾವು ಇರುವ ಜಾಗದಲ್ಲೇ ಮುಂದೆ ಕೊರೆತ ಬರುವ ಸಂಭವ ಹೆಚ್ಚು ಎಂಬುದೂ ಸ್ಪಷ್ಟವಾಯಿತು.

ಇದರಿಂದ ಯಾರಿಗೆ ಏನು ಲಾಭ? ಇದನ್ನು ಸ್ವಲ್ಪ ನಿಂತು ನೋಡಬೇಕು. ಪ್ರಯೋಗಕ್ಕೆ ಬೇಕಾದ ರೋಗಿಗಳ ಸಂಖ್ಯೆ, ಅಳತೆಯ ಚದುರಿಕೆಯನ್ನು ನಿರೀಕ್ಷಿತ ವ್ಯತ್ಯಾಸದಿಂದ ಭಾಗಿಸಿದ ಸಂಖ್ಯೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಚದುರಿಕೆ ಅರ್ಧವಾದರೆ ರೋಗಿಗಳು ಕಾಲು ಭಾಗ ಸಾಕು. 1990ರ ದಶಕದ ಕೊನೆಗೆ ಪರಿಣಾಮಕಾರಿ ಜೈವಿಕ ಔಷಧಗಳು ಬಂದ ಮೇಲೆ, ಹೋಲಿಕೆಗಾಗಿ ಒಂದು ಗುಂಪಿಗೆ ವರ್ಷಗಟ್ಟಲೆ ಹುಸಿ ಮದ್ದು ಕೊಟ್ಟು ಮೂಳೆ ಕೊರೆಯುವುದನ್ನು ನೋಡುತ್ತ ಕೂರುವುದು ನ್ಯಾಯವೆನಿಸಲಿಲ್ಲ. ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಒಳಪೊರೆಯ ಉರಿ ಇಳಿಯಿತೇ ಎಂದು ಎಂಆರ್‌ಐ ಹೇಳಬಲ್ಲುದಾದರೆ, ಆ ಹುಸಿ ಮದ್ದಿನ ಗುಂಪು ಚಿಕ್ಕದಾಗುತ್ತದೆ, ಅವರು ಕಾಯುವ ಕಾಲವೂ ಕುಗ್ಗುತ್ತದೆ. ನನ್ನ ಮಟ್ಟಿಗೆ ಈ ತಂತ್ರದ ಅತ್ಯಂತ ಮನುಷ್ಯೋಚಿತ ಸಾಧನೆ ಇದು, ಚಿತ್ರದ ಅಂದವಲ್ಲ.

ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ

ಅತ್ತೆಯ ರೋಗ ರುಮಟಾಯ್ಡ್ ಅಲ್ಲ, ಸವೆತದ ಸಂಧಿವಾತ. (ನಮ್ಮ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಮೂಳೆ ಬಿಗಿಯುವ ಫ್ಲೋರೋಸಿಸ್ ಕೂಡ ಸಂಧಿವಾತದ ವೇಷದಲ್ಲಿ ಬರುತ್ತದೆ. ಅದನ್ನು ಪತ್ತೆ ಮಾಡಲು ನೀರಿನ ಪರೀಕ್ಷೆ ಮತ್ತು ಹಳೆಯ ಎಕ್ಸ್ ಕಿರಣವೇ ಸಾಕು.) ಸವೆತದ ಸಂಧಿವಾತದಲ್ಲಿ ಅಳೆಯಬೇಕಾದದ್ದು ಮೃದ್ವಸ್ಥಿಯ ದಪ್ಪ. ಅದು ವರ್ಷಕ್ಕೆ ಕಡಿಮೆಯಾಗುವುದು ಸರಾಸರಿ ಶೇಕಡ 1–2ರ ಆಸುಪಾಸು, ಅಂದರೆ ಮಿಲಿಮೀಟರಿನ ನೂರನೇ ಕೆಲವು ಭಾಗ. ಚಿತ್ರದ ಒಂದು ಘಟಕದ ಅಂಚು ಮಾತ್ರ ಸುಮಾರು ಅರ್ಧ ಮಿಲಿಮೀಟರ್! ಇದು ಹೇಗೆ ಸಾಧ್ಯ ಎಂದು ವಿದ್ಯಾರ್ಥಿಗಳು ಕೇಳಬೇಕು.

ಕಾಗದದ ಒಂದು ಹಾಳೆಯ ದಪ್ಪವನ್ನು ಅಳತೆಪಟ್ಟಿಯಿಂದ ಕಂಡುಹಿಡಿಯಲು ಐನೂರು ಹಾಳೆಗಳ ಕಟ್ಟನ್ನು ಅಳೆಯುತ್ತೇವಲ್ಲ, ಉಪಾಯ ಅದೇ ಜಾತಿಯದು. ಮೃದ್ವಸ್ಥಿಯ ಮೇಲ್ಮೈಯಲ್ಲಿ ಸಾವಿರಾರು ಬಿಂದುಗಳಲ್ಲಿ ದಪ್ಪ ಅಳೆದು ಸರಾಸರಿ ತೆಗೆದರೆ ಯಾದೃಚ್ಛಿಕ ದೋಷಗಳು ಒಂದನ್ನೊಂದು ತಿಂದುಹಾಕುತ್ತವೆ. ಆದರೆ ಕ್ರಮಬದ್ಧ ದೋಷ ಸರಾಸರಿಗೆ ಬಗ್ಗುವುದಿಲ್ಲ. ಇಳಿಜಾರು ಕ್ಷೇತ್ರವನ್ನು ಉಂಟುಮಾಡುವ ಸುರುಳಿಯ ಅಂಕನದಲ್ಲಿ ಶೇಕಡ 1ರಷ್ಟು ತಪ್ಪಿದ್ದರೆ ದಪ್ಪವೂ ಶೇಕಡ 1ರಷ್ಟು ತಪ್ಪು. ಅದು ಒಂದು ವರ್ಷದ ಸವೆತಕ್ಕೆ ಸಮ. ಹೊಸ ತಂತ್ರಾಂಶ ಹಾಕಿದ ದಿನವೇ ಎಲ್ಲರ ಮಂಡಿಯೂ ಚಿಗುರಿದಂತೆ ಕಂಡೀತು! ಹಾಗಾಗಿ ದೊಡ್ಡ ಅಧ್ಯಯನಗಳಲ್ಲಿ, ಅಳತೆ ನಿಖರವಾಗಿ ತಿಳಿದಿರುವ ದ್ರವ ತುಂಬಿದ ಮಾದರಿಯನ್ನು ಯಂತ್ರದಲ್ಲಿಟ್ಟು ಆಗಾಗ ತಪಾಸಣೆ ಮಾಡುತ್ತಾರೆ. ಮೃದ್ವಸ್ಥಿಯೂ ಸ್ಪಂಜಿನಂತೆ ಕುಗ್ಗುವ ವಸ್ತು. ಹತ್ತಾರು ಬಸ್ಕಿ ಹೊಡೆದ ಕೂಡಲೇ ಮಂಡಿಚಿಪ್ಪಿನ ಮೃದ್ವಸ್ಥಿಯ ಗಾತ್ರ ಶೇಕಡ 5–6ರಷ್ಟು ಇಳಿಯುತ್ತದೆ, ಪೂರ್ತಿ ಚೇತರಿಸಲು ಗಂಟೆಗೂ ಹೆಚ್ಚು ಬೇಕು ಎಂದು ಎಕ್‌ಸ್ಟೈನ್ ತಂಡ ತೋರಿಸಿದೆ. ಬಸ್ ಇಳಿದು ಮೆಟ್ಟಿಲು ಹತ್ತಿ ಬಂದವರನ್ನು ಸ್ವಲ್ಪ ಹೊತ್ತು ಕೂರಿಸದೆ ಯಂತ್ರದೊಳಕ್ಕೆ ಕಳಿಸಬಾರದು.

ಇಷ್ಟೆಲ್ಲ ಎಚ್ಚರದಿಂದ ನಡೆದ ದೊಡ್ಡ ಪ್ರಯತ್ನ ಅಮೆರಿಕದ 'ಆಸ್ಟಿಯೋ ಆರ್ಥ್ರೈಟಿಸ್ ಇನಿಶಿಯೇಟಿವ್'. 2004ರಿಂದ 4,796 ಜನರನ್ನು ಸೇರಿಸಿಕೊಂಡು, 3 ಟೆಸ್ಲಾ ಯಂತ್ರಗಳಲ್ಲಿ ಅವರ ಮಂಡಿಗಳನ್ನು ವರ್ಷಗಳ ಕಾಲ ಚಿತ್ರಿಸಿ, ದತ್ತಾಂಶವನ್ನು ಜಗತ್ತಿನ ಸಂಶೋಧಕರಿಗೆಲ್ಲ ತೆರೆದಿಟ್ಟರು.

ಅಳತೆಗೋಲು ಸಿದ್ಧವಾಯಿತು. ಅದರಿಂದ ಅಳೆದಾಗ ಏನು ಕಂಡಿತು?

2017ರಲ್ಲಿ ಮ್ಯಾಕಲಿಂಡನ್ ತಂಡ 140 ರೋಗಿಗಳ ಪ್ರಯೋಗವನ್ನು ಪ್ರಕಟಿಸಿತು. ಮಂಡಿಯೊಳಕ್ಕೆ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಸ್ಟೀರಾಯ್ಡ್ ಚುಚ್ಚಿಸಿಕೊಂಡವರಲ್ಲಿ ಮೃದ್ವಸ್ಥಿ 0.21 ಮಿಲಿಮೀಟರ್ ಸವೆದಿತ್ತು, ಬರೀ ಉಪ್ಪುನೀರು ಚುಚ್ಚಿಸಿಕೊಂಡವರಲ್ಲಿ 0.10. ನೋವಿನಲ್ಲಿ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಎಂಆರ್‌ಐ ಇಲ್ಲದಿದ್ದರೆ ಈ ಹಾನಿ ಹೀಗೆ ಬೆಳಕಿಗೆ ಬರುತ್ತಿರಲಿಲ್ಲ. ಮಂಡಿಗೆ ಪದೇಪದೇ ಇಂಜೆಕ್ಷನ್ ಹಾಕಿಸಿಕೊಳ್ಳುವವರು ನಮ್ಮ ಊರುಗಳಲ್ಲೂ ಇದ್ದಾರೆ. ಈ ಅಂಕಿಗಳು ಅವರಿಗೆ ತಿಳಿದಿರಬೇಕು.

2019ರಲ್ಲಿ ಬಂದದ್ದು ಸ್ಪ್ರೈಫರ್ಮಿನ್ ಎಂಬ, ಮೃದ್ವಸ್ಥಿಯನ್ನು ಬೆಳೆಸಬಲ್ಲ ಪ್ರೋಟೀನಿನ ಪ್ರಯೋಗ. 549 ರೋಗಿಗಳು. ಆರು ತಿಂಗಳಿಗೊಮ್ಮೆ ಹೆಚ್ಚಿನ ಪ್ರಮಾಣ ಪಡೆದವರ ಮೃದ್ವಸ್ಥಿ ಎರಡು ವರ್ಷಗಳ ನಂತರ ಹುಸಿ ಮದ್ದಿನವರಿಗಿಂತ 0.05 ಮಿಲಿಮೀಟರ್ ಹೆಚ್ಚು ದಪ್ಪವಿತ್ತು. ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ! ಇದನ್ನು ಅನುಮಾನಕ್ಕೆಡೆಯಿಲ್ಲದಂತೆ ಅಳೆದದ್ದು ಭೌತವಿಜ್ಞಾನಿಯಾದ ನನಗೆ ರೋಮಾಂಚನದ ಸಂಗತಿ. ಆದರೆ ಅದೇ ಪ್ರಬಂಧದ ಮುಂದಿನ ಸಾಲು ತಣ್ಣೀರು ಎರಚುತ್ತದೆ. ನೋವು, ಬಿಗಿತ, ಚಲನೆಯ ಅಂಕಗಳಲ್ಲಿ ಹುಸಿ ಮದ್ದಿಗೂ ಇದಕ್ಕೂ ಗಣನೀಯ ವ್ಯತ್ಯಾಸವಿಲ್ಲ. ಉಪ್ಪುನೀರು ಪಡೆದವರೂ ಸೇರಿ ಎಲ್ಲರೂ ಸುಧಾರಿಸಿದ್ದರು.

ಚಿತ್ರಕ್ಕೂ ನೋವಿಗೂ ಈ ಬಿರುಕು ಹೊಸದೇನಲ್ಲ. ಎಕ್ಸ್ ಕಿರಣದಲ್ಲಿ ಸವೆತದ ಲಕ್ಷಣವೇ ಇಲ್ಲದ, 50 ದಾಟಿದ 710 ಜನರ ಮಂಡಿಗಳನ್ನು ಎಂಆರ್‌ಐಯಲ್ಲಿ ನೋಡಿದಾಗ ಶೇಕಡ 89 ಮಂದಿಯಲ್ಲಿ ಒಂದಲ್ಲ ಒಂದು ದೋಷ ಕಂಡಿತೆಂದು ಗೆರ್ಮಾಜಿ ತಂಡ 2012ರಲ್ಲಿ ವರದಿ ಮಾಡಿತ್ತು. ನೋವಿಲ್ಲದವರಲ್ಲೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೆ. ನರಗಳೇ ಇಲ್ಲದ ಮೃದ್ವಸ್ಥಿ ನೋಯದಿರುವುದು ಸಹಜ. ನೋವಿಗೆ ಹತ್ತಿರವಾದದ್ದು ಮೂಳೆಮಜ್ಜೆಯ ಗಾಯ: ಫೆಲ್ಸನ್ ತಂಡ 2001ರಲ್ಲಿ ಹೇಳಿದಂತೆ, ಸವೆತ ಇದ್ದು ನೋವೂ ಇರುವವರಲ್ಲಿ ಶೇಕಡ 77.5 ಮಂದಿಗೆ, ಸವೆತ ಇದ್ದೂ ನೋವಿಲ್ಲದವರಲ್ಲಿ ಶೇಕಡ 30 ಮಂದಿಗೆ ಅದು ಕಂಡಿತು. ಅತ್ತೆಯ ಎಡ ಮಂಡಿಯಲ್ಲಿ ಇರಬಹುದಾದದ್ದೂ ಇದೇ ಎಂದು ನನ್ನ ಊಹೆ.

ರುಮಟಾಯ್ಡ್‌ನಲ್ಲೂ ಒಂದು ಪಾಠ ಕಾದಿತ್ತು. ಡೆನ್ಮಾರ್ಕಿನಲ್ಲಿ 200 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಗುಂಪಿಗೆ ಎಂಆರ್‌ಐಯಲ್ಲಿ ಮಜ್ಜೆಯ ಬಾವು ಪೂರ್ತಿ ಇಳಿಯುವವರೆಗೂ ಔಷಧ ಏರಿಸುತ್ತ ಹೋದರು. ಇನ್ನೊಂದು ಗುಂಪಿಗೆ ಕೀಲು ಮುಟ್ಟಿ ನೋಡಿ, ರಕ್ತಪರೀಕ್ಷೆ ಮಾಡಿ ಎಂದಿನಂತೆ ಚಿಕಿತ್ಸೆ. ರೋಗ ಹತೋಟಿಗೆ ಬಂದವರು ಕ್ರಮವಾಗಿ ಶೇಕಡ 85 ಮತ್ತು 88. ಗಂಭೀರ ಅಡ್ಡಪರಿಣಾಮಗಳು 17 ಮತ್ತು 6. ಗುಂಪುಗಳನ್ನು ಹೋಲಿಸಲು ಒಳ್ಳೆಯದಾದ ಅಳತೆಗೋಲು, ಒಬ್ಬೊಬ್ಬ ರೋಗಿಯ ಔಷಧ ನಿರ್ಧರಿಸಲು ತಾನಾಗಿ ಒಳ್ಳೆಯದಾಗುವುದಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಕರಡು ಸೂಚನೆಯಲ್ಲಿ, ಕೀಲಿನ ರಚನೆಯ ಅಳತೆ ಬದಲಾದರೆ ರೋಗಿಗೆ ಅದರಿಂದ ನಿಜವಾಗಿ ಪ್ರಯೋಜನವಾಗುತ್ತದೆ ಎಂಬುದಕ್ಕೆ ಆಧಾರ ಬೇಕು ಎಂದಿದೆ. ಸವೆತವನ್ನು ತಡೆಯುತ್ತದೆಂದು ಅನುಮತಿ ಪಡೆದ ಔಷಧ ಇನ್ನೂ ಒಂದೂ ಇಲ್ಲ. ಈ ಹಟ ಸರಿಯಾದದ್ದೆಂದೇ ನನಗೆ ತೋರುತ್ತದೆ. ಎರಡೇ ವರ್ಷಗಳಲ್ಲಿ ಕಾಣದ ಲಾಭ ಹತ್ತು ವರ್ಷಗಳಲ್ಲಿ, ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ತಪ್ಪುವ ರೂಪದಲ್ಲಿ ಕಾಣಬಹುದು ಎಂಬ ಪ್ರತಿವಾದದಲ್ಲಿಯೂ ಹುರುಳಿದೆ. ಹತ್ತು ವರ್ಷ ಕಾದು ಅಳೆಯುವವರು ಬೇಕು ಅಷ್ಟೆ.

ಹಾಗೆಂದು ನೋವನ್ನು ಅಳೆಯುವ ಪ್ರಶ್ನಾವಳಿ ದೋಷಮುಕ್ತವೆಂದೇನೂ ಅಲ್ಲ. ಈ ಪ್ರಯೋಗಗಳಲ್ಲಿ ಬಳಸುವ 'ವೊಮ್ಯಾಕ್' ಕೆನಡಾದಲ್ಲಿ ಹುಟ್ಟಿದ್ದು. ಅದರಲ್ಲಿ 24 ಪ್ರಶ್ನೆಗಳು. ಅದನ್ನು ಕನ್ನಡಕ್ಕೆ ತಿರುಗಿಸಿಕೊಂಡು ಅತ್ತೆಯ ಮುಂದೆ ಒಂದು ಸಂಜೆ ಓದಿದೆ. ಮೆಟ್ಟಿಲು ಹತ್ತುವಾಗ ನೋವೇ? ಮನೆಯಲ್ಲಿ ಮೆಟ್ಟಿಲಿಲ್ಲ. ಕಾಲುಚೀಲ ಹಾಕುವಾಗ? ನಕ್ಕರು. ಕಾರು ಹತ್ತಿ ಇಳಿಯುವಾಗ? ಸ್ನಾನದ ತೊಟ್ಟಿಗೆ ಇಳಿಯುವಾಗ? ಇನ್ನೂ ಜೋರಾಗಿ ನಕ್ಕರು. ಕುಕ್ಕರುಗಾಲಿನಲ್ಲಿ ಕೂತು ಕಳೆ ತೆಗೆಯುವುದು, ಚಕ್ಕಂಬಕ್ಕಳ ಹಾಕಿ ಕೂತು ಉಣ್ಣುವುದು, ನೆಲದಿಂದ ಕೈಯೂರದೆ ಏಳುವುದು, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ದಿನವಿಡೀ ತುಳಿಯುವುದು, ಇವು ಯಾವುವೂ ಅದರಲ್ಲಿಲ್ಲ. ದೇವಸಮುದ್ರಕ್ಕೆ, ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವ ಮನೆಗಳಿಗೆ ತಕ್ಕ ಪ್ರಶ್ನಾವಳಿ ತಯಾರಿಸಲು ಟೆಸ್ಲಾಗಟ್ಟಲೆ ಕಾಂತ ಬೇಡ. ಪೆನ್ನು, ಕಾಗದ, ತಾಳ್ಮೆ ಸಾಕು. ಪ್ರೌಢಶಾಲೆಯ ವಿಜ್ಞಾನ ಸಂಘಗಳು ಕೈಗೆತ್ತಿಕೊಳ್ಳಬಹುದಾದ ಕೆಲಸ ಅದು.

ಎಂಆರ್‌ಐ ಸದ್ಯಕ್ಕೆ ಬೇಡ ಎಂದು ಅತ್ತೆಗೆ ಹೇಳಿದೆ. ಅವರನ್ನು ನೋಡುವ ವೈದ್ಯರೂ ಅದನ್ನೇ ಹೇಳಿ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಕೊಟ್ಟಿದ್ದಾರೆ. ಒಂದು ಸೇರು ರಾಗಿ ಕಟ್ಟಿದ ಚೀಲವನ್ನು ಹಿಮ್ಮಡಿಗೆ ಬಿಗಿದು, ಕಟ್ಟೆಯ ಮೇಲೆ ಕೂತು, ಕಾಲು ನೀಟಾಗಿ ಚಾಚಿ ಇಳಿಸಬೇಕು. ಎಷ್ಟು ಸಲ ಎತ್ತಿದೆನೆಂದು ಅವರು ಗೋಡೆಯ ಮೇಲೆ ಸುಣ್ಣದಕಡ್ಡಿಯಿಂದ ಗೀಟು ಹಾಕುತ್ತಾರೆ. ಹೋದ ಸಲ ನಾನು ಹೋದಾಗ ಬಲಗಾಲಿನ ಸಾಲಿಗಿಂತ ಎಡಗಾಲಿನ ಸಾಲು ನಾಲ್ಕು ಗೀಟು ಹಿಂದಿತ್ತು.